ಯೂದನ ಮನೆ

ಕೆ.ಆರ್. ನಗರದವರು ಮಗಳು ಜೆಸಿಂತಳನ್ನು ನೋಡಿಕೊಂಡು ಹೋಗಿ ವಾರವಾದರೂ ಫೋನು ಬರಲಿಲ್ಲ. ಆರೋಗ್ಯಮ್ಮ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಲು ಕೂತಾಗಲೂ ಫೋನನ್ನು ಮೊರದ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಕೊನೆಗೆ ಬಂದದ್ದು ಗಂಡಿನ ಮನೆಯವರ ಫೋನಲ್ಲ, ಸಂಬಂಧ ತಂದಿದ್ದ ಅವಳ ಅಣ್ಣನದು.

"ಹುಡುಗ ಒಪ್ಪವ್ನೆ ಕಣವ್ವ. ಅವರವ್ವ ಮದಲೇನಮ್ಮನೂ ಹುಡುಗೀಗೆ ಏನೂ ಅನ್ನಂಗಿಲ್ಲ ಅಂದ್ರು. ಆದ್ರೆ ಒಂದು ಮಾತು ಕೇಳಿದ್ರು." ಅಣ್ಣ ಕೆಮ್ಮಿದ. "ಅವತ್ತು ಹಂಪಾಪುರದಲ್ಲಿ ಕಾರು ನಿಲ್ಸಿ ದಾರಿ ಕೇಳಿದ್ರಂತೆ. ಅಲ್ಯಾರೋ, 'ಓ, ಯೂದನ ಮನೆಗಾ? ಚರ್ಚು ದಾಟಿ ಎಡಕ್ಕೋಗಿ' ಅಂದ್ರಂತೆ. ಆ ಮನೇನ ಯಾಕೆ ಅಂಗಂತಾರೆ ಅಂತ ಕೇಳ್ತಾವ್ರೆ."

"ನೀನೇನಂದೆ?"

"ನಾನೇನನ್ಲಿ? ತಿಳ್ಕಂಡು ಹೇಳ್ತೀನಿ ಅಂದೆ."

ಆರೋಗ್ಯಮ್ಮ ಫೋನು ಕೆಳಗಿಟ್ಟಳು. ತಿಳಿದುಕೊಳ್ಳುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಹಂಪಾಪುರದಿಂದ ಒಳಗಿದ್ದ ಅವರ ಊರಿನಲ್ಲಿ ಪ್ರತಿ ವರ್ಷ ಶುಭ ಶುಕ್ರವಾರದ ಸಂಜೆ ಚರ್ಚಿನ ಮುಂದಿನ ಬಯಲಿನಲ್ಲಿ ಯೇಸುವಿನ ಪಾಡುಗಳ ನಾಟಕ ಆಡುತ್ತಿದ್ದರು. ಪೌರಾಣಿಕ ನಾಟಕದ ಹಾಗೇ ಹಾರ್ಮೋನಿಯಂ, ಮಟ್ಟು, ಕಂದ, ಸೀನರಿ ಎಲ್ಲ ಇರುತ್ತಿತ್ತು. ಅದರಲ್ಲಿ ಬೆಳ್ಳಿ ದುಡ್ಡಿನಾಸೆಗೆ ಯೇಸುವನ್ನು ಮುತ್ತಿಟ್ಟು ಹಿಡಿದುಕೊಡುವ ಶಿಷ್ಯ ಯೂದನ ಪಾತ್ರ ಅವಳ ಮಾವ ಇನ್ನಾಸಪ್ಪನದು. ಅವನಿಗಿಂತ ಮುಂಚೆ ಅವನ ಅಪ್ಪನದು. ಆರೋಗ್ಯಮ್ಮ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೇ ಮನೆಗೆ ಆ ಹೆಸರು ಅಂಟಿಹೋಗಿತ್ತು. ಡೈರಿಗೆ ಹಾಲು ಹಾಕಲು ಹೋದರೆ ಯೂದನ ಮನೆ ಹಾಲು. ಅವರ ಮೇಕೆ ಯಾರದೋ ಹೊಲಕ್ಕೆ ನುಗ್ಗಿದರೆ ಯೂದನ ಮನೆ ಮೇಕೆ.

ಮಧ್ಯಾಹ್ನ ಮಾವನಿಗೆ ಮುದ್ದೆ ಇಕ್ಕಿ, ಹುರುಳಿಕಟ್ಟಿನ ಸಾರು ಬಿಟ್ಟು, ಆರೋಗ್ಯಮ್ಮ ಎದುರಿಗೇ ಕೂತಳು.

"ಮಾವ, ಈ ಸಲ ನೀವು ವೇಷ ಹಾಕ್ಬ್ಯಾಡಿ."

ಇನ್ನಾಸಪ್ಪ ಮುದ್ದೆ ಮುರಿಯುತ್ತ ತಲೆ ಎತ್ತಿದ. ಎಪ್ಪತ್ತು ದಾಟಿದ್ದರೂ ಕಣ್ಣು ಇನ್ನೂ ಚುರುಕು. ಅವಳು ಅಣ್ಣ ಹೇಳಿದ್ದನ್ನೆಲ್ಲ ಹೇಳಿದಳು. ಹಿಂದೆ ಸ್ಕೂಲಿನಲ್ಲಿ ಮಕ್ಕಳು ಜೆಸಿಂತಳನ್ನು ಯೂದನ ಮೊಮ್ಮಗಳು ಎಂದು ಆಡಿಕೊಂಡದ್ದನ್ನೂ, ಮಗು ಅತ್ತುಕೊಂಡು ಬಂದದ್ದನ್ನೂ ಸೇರಿಸಿದಳು. ಬೇಡವೆಂದರೂ ಮಾವ ಕೇಳುವುದಿಲ್ಲ, ಜಗಳವಾಗಿಯೇ ಆಗುತ್ತದೆ ಎಂದು ಅವಳು ಸಿದ್ಧವಾಗಿಯೇ ಕೂತಿದ್ದಳು.

"ಆಯ್ತು ಬುಡವ್ವ," ಎಂದ ಇನ್ನಾಸಪ್ಪ. "ಮೊಮ್ಮಗಳ ಮದ್ವೆಗಿಂತ ವೇಷ ದೊಡ್ಡದಾ?"

ಅಷ್ಟೇ. ಎದ್ದು ಕೈ ತೊಳೆಯಲು ಹೋದ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿದಿತ್ತು. ಜಗಳಕ್ಕೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳನ್ನು ಏನು ಮಾಡುವುದೆಂದು ಆರೋಗ್ಯಮ್ಮನಿಗೆ ತಿಳಿಯಲಿಲ್ಲ.

ಸಂಜೆ ಗಂಡ ರಾಯಪ್ಪ ಹೊಲದಿಂದ ಬಂದು ಕಾಫಿಗೆ ಕೂತಾಗ ಹೇಳಿದಳು. "ಈ ವರ್ಸ ಮಾವ ಯೂದನ ಪಾತ್ರ ಮಾಡಾಕಿಲ್ವಂತೆ."

ರಾಯಪ್ಪ ಲೋಟ ತುಟಿಯ ಹತ್ತಿರವೇ ಹಿಡಿದು ನಿಲ್ಲಿಸಿದ. "ಯಾರಂದ್ರು?"

"ಅವ್ರೇ ಅಂದ್ರು. ನಾನೇ ಬ್ಯಾಡ ಅಂದೆ."

"ಬುಡಲಿ. ನಂಗೇನು?" ಎಂದು ಕಾಫಿ ಕುಡಿದು ಎದ್ದು ಹೋದ.

ರಾಯಪ್ಪ ನಾಟಕದಲ್ಲಿ ಯೇಸು. ಅವನು ಚಿಕ್ಕವನಿದ್ದಾಗ ಕಾಮಾಲೆಯಾಗಿ ಉಳಿಯುವುದೇ ಅನುಮಾನವಾಗಿತ್ತು. ಆಗ ಅವನ ತಾಯಿ ಲೂರ್ದಮ್ಮ, ಮಗ ಉಳಿದು ದೊಡ್ಡವನಾದರೆ ಮೈಯಲ್ಲಿ ಶಕ್ತಿ ಇರುವ ತನಕ ನಾಟಕದಲ್ಲಿ ಶಿಲುಬೆ ಹೊರುತ್ತಾನೆ ಎಂದು ಹರಕೆ ಹೊತ್ತಿದ್ದಳು. ಆ ಹರಕೆಯನ್ನು ಅವನು ತಪ್ಪಿಸಿರಲಿಲ್ಲ. ತಪ್ಪಿಹೋಗಿದ್ದದ್ದು ಅಪ್ಪ ಮಗನ ನಡುವಿನ ಮಾತು. ಲೂರ್ದಮ್ಮನಿಗೆ ಎದೆನೋವು ಬಂದ ಸಂಜೆ ಇನ್ನಾಸಪ್ಪ ವೇಷ ಹಾಕಿಕೊಂಡು ತಾಲೀಮಿನಲ್ಲಿದ್ದ. ತಾಲೀಮಿಗೆ ಇನ್ನೂ ಹೊರಡದಿದ್ದ ರಾಯಪ್ಪ ತಾಯಿಯನ್ನು ಆಟೋದಲ್ಲಿ ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೊರಟ. ದಾರಿಯಲ್ಲೇ ಜೀವ ಹೋಯಿತು. ಹೆಣ ಮನೆಗೆ ಬಂದಾಗ ಮುಖಕ್ಕೆ ಬಣ್ಣ ಬಳಿದುಕೊಂಡೇ ಓಡಿ ಬಂದ ಅಪ್ಪನಿಗೆ ಮಗ ಒಂದೇ ಮಾತು ಅಂದ: "ವೇಷ ಕಳಚ್ಕಂಡು ಬಾ, ಹೋಗು." ಹತ್ತು ಹನ್ನೊಂದು ವರ್ಷದ ಹಿಂದಿನ ಆ ಮಾತೇ ಕೊನೆಯದು. ಆಮೇಲೆ ಇಬ್ಬರೂ ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ಉಂಡರೂ ಮಾತೆಲ್ಲ ಆರೋಗ್ಯಮ್ಮನ ಮೂಲಕ.

"ಅವ್ನಿಗೆ ಹೇಳು, ಪಂಪಿನ ಫ್ಯೂಜು ಹೋಗೈತೆ."

"ನಿಮ್ಮಾವನಿಗೆ ಹೇಳು, ನಂಗೊತ್ತೈತೆ ಅಂತ."

ಇಬ್ಬರೂ ಮೊಳದಂತರದಲ್ಲಿ ಕೂತು ಉಣ್ಣುತ್ತಿದ್ದಾಗಲೂ ಹೀಗೇ. ಮೊದಮೊದಲು ಅವಳು ಆ ಮಾತನ್ನು ಮತ್ತೆ ಆಡಿ ತೋರಿಸುತ್ತಿದ್ದಳು. ಆಮೇಲೆ ಬೇಸರವಾಗಿ ಬಿಟ್ಟಳು. ಕೇಳಿಸಿಕೊಳ್ಳಬೇಕಾದವರಿಗೆ ಹೇಗೂ ಕೇಳಿಸುತ್ತದೆ. ಆದರೆ ಆಕೆ ನಡುವೆ ಕೂತಿರಲೇಬೇಕಿತ್ತು. ತನ್ನ ತಟ್ಟೆಯ ಅನ್ನ ಆರಿದ ಮೇಲೆಯೇ ಉಣ್ಣುವುದು ಅವಳಿಗೆ ಅಭ್ಯಾಸವಾಗಿತ್ತು.

ವಿಭೂತಿ ಬುಧವಾರ ಕಳೆದು ತಾಲೀಮು ಶುರುವಾಯಿತು. ಯೂದನ ಪಾತ್ರಕ್ಕೆ ಟ್ರ್ಯಾಕ್ಟರ್ ಓಡಿಸುವ ಚೌರಪ್ಪನನ್ನು ಹಿಡಿದರು. ಹಾರ್ಮೋನಿಯಂ ಮೇಷ್ಟ್ರು ಸಿದ್ದಮಲ್ಲಪ್ಪನವರು ಹಂಪಾಪುರದಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಉಳಿದ ತಿಂಗಳಲ್ಲಿ ಸುತ್ತಲ ಊರುಗಳಿಗೆ ಪೌರಾಣಿಕ ನಾಟಕ ಕಲಿಸುವವರು, ಶುಭ ಶುಕ್ರವಾರಕ್ಕೆ ಮುಂಚಿನ ತಪಸ್ಸಿನ ಕಾಲದಲ್ಲಿ ಇಲ್ಲಿಗೆ. ದಿನಕ್ಕೊಂದು ಮನೆಯವರು ಅವರಿಗೆ ಊಟ ಹಾಕಬೇಕು. ಮೇಷ್ಟ್ರು ಲಿಂಗಾಯತರು, ಈ ಕಾಲದಲ್ಲಿ ಊರಿನವರೂ ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಊಟ ಹಾಕುವವರಿಗೂ ಉಣ್ಣುವವರಿಗೂ ಸಲೀಸು.

ಆರೋಗ್ಯಮ್ಮನ ಸರದಿಯ ದಿನ ಮೇಷ್ಟ್ರು ಬಸ್ಸಾರನ್ನು ಎರಡು ಸಲ ಹಾಕಿಸಿಕೊಂಡರು.

"ಹೆಂಗೈತೆ ಮೇಷ್ಟ್ರೇ ಪ್ರಾಕ್ಟೀಸು?"

"ನಡೀತೈತೆ. ಚೌರಪ್ಪ ಮಾತು ಬಾಯಿಪಾಠ ಮಾಡ್ಯವ್ನೆ. ಹಾಡು ಮಾತ್ರ ಬರಾಕಿಲ್ಲ." ಮೇಷ್ಟ್ರು ಏನೋ ಹೇಳಲು ಹೊರಟು, ಒಳಗೆ ಮಲಗಿದ್ದ ಇನ್ನಾಸಪ್ಪನ ಕಡೆ ನೋಡಿ ಮತ್ತೆ ತಟ್ಟೆಗೆ ಬಗ್ಗಿದರು.

ಆ ಹಾಡಿನದೂ ಒಂದು ತಕರಾರಿತ್ತು. ಚರ್ಚಿಗೆ ಹೊಸದಾಗಿ ಬಂದಿದ್ದ ಸ್ವಾಮಿಗಳು ಚಿಕ್ಕ ವಯಸ್ಸಿನವರು, ಏನನ್ನೇ ಆಗಲಿ ಕೇಳಿ ತಿಳಿಯುವ ಸ್ವಭಾವ. ಮನೆಮನೆ ಭೇಟಿಗೆ ಬಂದವರು ಇವರ ಜಗಲಿಯಲ್ಲೂ ಕೂತರು. ಜೆಸಿಂತ ಡೈರಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಅವಳೇ ಕಾಫಿ ತಂದುಕೊಟ್ಟಳು.

"ತಾತ, ಯೂದ ಸಾಯೋಕೆ ಮುಂಚೆ ಒಂದು ಹಾಡಿದೆಯಂತಲ್ಲ. ಅದು ಸುವಾರ್ತೆಯಲ್ಲಿಲ್ಲ ಅಲ್ವಾ?" ಎಂದರು ಸ್ವಾಮಿಗಳು.

"ಇಲ್ಲ ಸ್ವಾಮಿ."

"ಮತ್ತೆ ಎಲ್ಲಿಂದ ಬಂತು?"

"ನಮ್ಮಪ್ಪ ಕಟ್ಟಿದ್ದು. ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಗೂಡಿನ ಒಲೆಗೆ ಸೌದೆ ಹಾಕ್ತಾ ಕೂತಿರೋನು, ಆಗ ಕಟ್ಟಿದ್ದು. ಯೂದ ಬೆಳ್ಳಿ ದುಡ್ಡು ಎಸೆದು ಹೋದ ಅಂತ ಬರೆದವ್ರೆ. ಎಸೆದ ಮ್ಯಾಲೆ, ಹೋಗೋ ದಾರೀಲಿ ಏನಂದ್ಕಂಡ ಅಂತ ಯಾರೂ ಬರೆದಿಲ್ಲ. ಅಲ್ಲೊಂದು ಜಾಗ ಖಾಲಿ ಐತೆ ಅನ್ನೋನು ನಮ್ಮಪ್ಪ."

"ಖಾಲಿ ಇರಲಿ ಅಂತಲೇ ಬಿಟ್ಟಿರಬಹುದಲ್ವಾ?"

ಇನ್ನಾಸಪ್ಪ ಯೋಚಿಸಿದ. "ಇರಬೈದು ಸ್ವಾಮಿ. ಅದು ನಂಗೊತ್ತಿಲ್ಲ."

ಸ್ವಾಮಿಗಳು ಅವನ ಕಡೆ ಸರಿದು ಕೂತರು. "ಹಾಡಿ, ಕೇಳ್ತೀನಿ."

"ಈಗ ಆ ಪಾತ್ರ ನಂದಲ್ಲ."

"ನಾನು ಹಾಡ್ತೀನಿ ಫಾದರ್," ಎಂದಳು ಜೆಸಿಂತ. ಆರೋಗ್ಯಮ್ಮ ಬಾಗಿಲ ಹಿಂದಿನಿಂದ ಕಣ್ಣು ಬಿಟ್ಟದ್ದನ್ನು ಅವಳು ನೋಡಲಿಲ್ಲ. ಕಂಬಕ್ಕೊರಗಿ ನಿಂತುಕೊಂಡೇ ಹಾಡಿದಳು.

ಹತ್ತು ಬೆರಳಿಗು ಗೊತ್ತು ಬೆಳ್ಳಿಯ ತೂಕವು,
ಮುತ್ತಿನ ತೂಕವನರಿಯದೆ ಹೋದೆ;
ಹೊತ್ತು ಮುಳುಗಿತು, ಒಡೆಯನೆ, ನಿನ್ನಯ ಮುಖವನು
ಎತ್ತಲಿ ಹುಡುಕಲಿ, ಕತ್ತಲೆಯಾದೆ.

ಸ್ವಾಮಿಗಳು ಕಾಫಿ ಆರುವ ತನಕ ಲೋಟ ಹಿಡಿದುಕೊಂಡೇ ಇದ್ದರು. "ತೆಗೀಬೇಕು ಅಂತ ಹೇಳೋಕೆ ಬಂದಿದ್ದೆ," ಎಂದರು. "ಇನ್ನೊಂದು ಸಲ ಯೋಚನೆ ಮಾಡ್ತೀನಿ."

ಅವರು ಹೋದ ಮೇಲೆ ಜೆಸಿಂತ ತಾತನ ಪಕ್ಕ ಕೂತು ಹುಣಸೆಹಣ್ಣಿನ ಬೀಜ ಬಿಡಿಸತೊಡಗಿದಳು.

"ತಾತ, ಅಷ್ಟೊಂದು ಪಾತ್ರ ಇರ್ಬೇಕಾದ್ರೆ ನೀನು ಇದನ್ನೇ ಯಾಕೆ ಹಿಡ್ಕಂಡೆ? ಪೇತ್ರ ಆಗ್ಬೈದಿತ್ತು. ಪಿಲಾತ ಆಗಿದ್ರೆ ಕುರ್ಚಿನಾದ್ರೂ ಸಿಗ್ತಿತ್ತು."

ಇನ್ನಾಸಪ್ಪ ನಕ್ಕ. "ಮೊದ್ಲು ಅಪ್ಪನ ಪಾತ್ರ ಅಂತ ಮಾಡ್ದೆ. ಆಮ್ಯಾಕೆ..." ಬೀಜವೊಂದನ್ನು ಮೊರಕ್ಕೆ ಎಸೆದ. "ಪೇತ್ರಂಗೆ ಮುತ್ತಿಲ್ಲ, ಯೊವಾನ್ನಂಗೂ ಇಲ್ಲ. ಇಡೀ ನಾಟಕದಲ್ಲಿ ಯೇಸುಸ್ವಾಮಿ ಮುಖಕ್ಕೆ ಮುತ್ತು ಕೊಡೋ ಪಾತ್ರ ಇದೊಂದೇ ಕಣವ್ವ."

ಒಲೆಯ ಮುಂದೆ ಕೂತಿದ್ದ ಆರೋಗ್ಯಮ್ಮನಿಗೂ ಆ ಮಾತು ಕೇಳಿಸಿತು. ವಯಸ್ಸಾದವರ ಭಕ್ತಿ ಎಂದುಕೊಂಡು ಸೌದೆ ಮುಂದಕ್ಕೆ ತಳ್ಳಿದಳು.

ದಿನ ಕಳೆದಂತೆ ಮನೆಯಲ್ಲಿ ರಾಯಪ್ಪನ ಸಿಡುಕು ಹೆಚ್ಚಾಯಿತು. ಉಪ್ಸಾರಿಗೆ ಉಪ್ಪಿಲ್ಲವೆಂದ. ಉಪ್ಪು ಹಾಕಿದರೆ ಕೈ ತಡೆಯಬಾರದಾ ಎಂದ. ತಾಲೀಮಿನಿಂದ ಬಂದವನು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಇನ್ನಾಸಪ್ಪ ಸಂಜೆಯಾದರೆ ಜಗಲಿಯ ತುದಿಗೆ ಹೋಗಿ ಕೂರುತ್ತಿದ್ದ. ಅಲ್ಲಿಗೆ ತಾಲೀಮು ನಡೆಯುವ ಸಮುದಾಯ ಭವನದ ಹಾರ್ಮೋನಿಯಂ ಸದ್ದು ಕೇಳುತ್ತಿತ್ತು.

ತಾನು ಬಯಸಿದ್ದೇ ಆಗಿತ್ತು. ಆದರೂ ಮನೆ ಯಾಕೆ ಹೀಗೆ ಕೆಟ್ಟಿತೆಂದು ಆರೋಗ್ಯಮ್ಮನಿಗೆ ಅರ್ಥವಾಗಲಿಲ್ಲ. ಒಂದು ಸಂಜೆ ಮೇಷ್ಟ್ರಿಗೆ ಕಾಫಿ ಕೊಡುವ ನೆಪ ಮಾಡಿಕೊಂಡು ತಾಲೀಮು ನೋಡಲು ಹೋದಳು. ನಾಟಕದ ದಿನ ಅವಳ ಕೆಲಸ ಯಾವಾಗಲೂ ಪರದೆಯ ಹಿಂದೆ: ಕೂದಲು ಕಟ್ಟುವುದು, ಬಣ್ಣ ಹಚ್ಚುವುದು, ಪಾತ್ರಧಾರಿಗಳಿಗೆ ಗಂಜಿ ಕೊಡುವುದು. ಇಷ್ಟು ವರ್ಷದಲ್ಲಿ ಆ ನಾಟಕವನ್ನು ಅವಳು ಎದುರಿನಿಂದ ನೋಡಿಯೇ ಇರಲಿಲ್ಲ.

ಗೆತ್ಸೆಮನೆ ತೋಟದ ಸೀನು ನಡೆಯುತ್ತಿತ್ತು. ರಾಯಪ್ಪ ಮಂಡಿಯೂರಿ, "ಅಪ್ಪಾ, ಸಾಧ್ಯವಾದರೆ ಈ ಪಾತ್ರೆಯನ್ನು ನನ್ನಿಂದ ತೊಲಗಿಸು" ಎಂಬ ಮಾತು ಹೇಳಿ ಎದ್ದ. ಚೌರಪ್ಪ ಬಂದು, "ಗುರುವೇ, ನಮಸ್ಕಾರ" ಎಂದು ಕೆನ್ನೆಗೆ ಮುತ್ತು ಕೊಟ್ಟ. ರಾಯಪ್ಪ ಗರಗಸಕ್ಕೆ ಕೊಟ್ಟ ಮರದ ತುಂಡಿನ ಹಾಗೆ ನಿಂತಿದ್ದ. "ಗೆಳೆಯಾ, ನೀನು ಬಂದ ಕೆಲಸವನ್ನು ಮಾಡು" ಎನ್ನಬೇಕಿತ್ತು. ಮಾತೇ ಬರಲಿಲ್ಲ.

"ಇನ್ನೊಂದ್ಸಲ," ಎಂದರು ಮೇಷ್ಟ್ರು. ಇನ್ನೊಂದು ಸಲವೂ ಅಷ್ಟೇ. ಮೇಷ್ಟ್ರು ತಿದಿ ಮುಚ್ಚಿ ಎಲ್ಲರಿಗೂ ವಿರಾಮ ಕೊಟ್ಟರು.

ಆರೋಗ್ಯಮ್ಮ ಲೋಟ ಕೊಡುತ್ತ ಮೆಲ್ಲಗೆ ಕೇಳಿದಳು. "ಇವ್ರು ಯಾಕೆ ಮೇಷ್ಟ್ರೇ ಹಿಂಗೆ? ಅಷ್ಟು ವರ್ಸದಿಂದ ಆಡಿದ ಮಾತಲ್ವಾ?"

"ಅವತ್ತೇ ನಿಮ್ಮನೇಲಿ ಹೇಳಾನ ಅನ್ಕಂಡೆ ಕಣಮ್ಮ, ಹಿರೀಕರು ಒಳಗಿದ್ರು." ಮೇಷ್ಟ್ರು ಕಾಫಿ ಊದಿಕೊಂಡರು. "ಈ ಸೀನಿಗೆ ನಾನು ಮಟ್ಟನ್ನ ಒಂದು ಸುತ್ತು ನುಡಿಸಿದ್ರೆ ಸಾಕು. ಹಾರ್ಮೋನಿಯಂ ಪೆಟ್ಟಿಗೆ ಕಲಿಸಿದ ನಮ್ಮ ಗುರುಗಳು ಅಷ್ಟೇ ಹೇಳಿದ್ದು. ಆದ್ರೆ ನಿಮ್ಮತ್ತೆ ತೀರ್ಕಂಡ ವರ್ಸದಿಂದ ಇಲ್ಲಿ ಮೂರು ಸುತ್ತು ನುಡಿಸ್ತಾ ಇವ್ನಿ. ನಿಮ್ಮಾವ ಬೇಗ ಬುಡಾಕಿಲ್ಲ. ಗಲ್ಲ ಹಿಡ್ಕಂಡು ನಿಂತ್ಬುಡ್ತಾರೆ. ನಿಮ್ಮ ಯಜಮಾನ್ರೂ ಬಿಡಿಸ್ಕಳಾಕಿಲ್ಲ. ಜನಕ್ಕೆ ಅದು ನಾಟಕ. ನಾನು ಪಕ್ಕದಲ್ಲೇ ಕೂತಿರ್ತೀನಲ್ಲ, ನಂಗೆ ಕಾಣ್ತದೆ. ಈ ವರ್ಸ ಒಂದು ಸುತ್ತೂ ಜಾಸ್ತಿ ಆಗ್ತಾ ಐತೆ."

ಆರೋಗ್ಯಮ್ಮ ಖಾಲಿ ಲೋಟ ಹಿಡಿದುಕೊಂಡು ಮನೆಗೆ ನಡೆದಳು. ಚರ್ಚಿನ ಮುಂದೆ ಬಂದಾಗ ಒಮ್ಮೆ ನಿಂತಳು. ಮುತ್ತು ಕೊಡುವ ಪಾತ್ರ ಇದೊಂದೇ ಎಂದು ಮಾವ ಅಂದದ್ದು ಈಗ ಬೇರೆಯಾಗಿ ಕೇಳಿಸಿತು. ಮನೆಯಲ್ಲಿ ಅವರಿಬ್ಬರ ನಡುವೆ ಓಡಾಡುವ ಮಾತೆಲ್ಲ ತನ್ನ ಕೈಯಿಂದಲೇ ಹೋಗುತ್ತದೆ ಎಂದು ಅವಳು ತಿಳಿದಿದ್ದಳು. ವರ್ಷಕ್ಕೊಂದು ಸಲ ತನ್ನ ಕೈ ಸೋಕದೆ ನೇರವಾಗಿ ಹೋಗುತ್ತಿದ್ದದ್ದು ಒಂದಿತ್ತು. ಅದನ್ನು ತಾನೇ ನಿಲ್ಲಿಸಿಬಿಟ್ಟಿದ್ದಳು.

ಮನೆಗೆ ಬಂದವಳು ಜಗಲಿಯ ತುದಿಯಲ್ಲಿದ್ದ ಮಾವನ ಮುಂದೆ ನಿಂತಳು. "ಮಾವ, ವೇಷ ನೀವೇ ಹಾಕಿ."

"ನೀನೇ ಬ್ಯಾಡ ಅಂದೆ."

"ಈಗ ನಾನೇ ಹಾಕಿ ಅಂತಾ ಇವ್ನಿ."

"ಮಗೀನ ಸಂಬಂಧ ಕೆಡಸಾಕೆ ನಾನು ಒಲ್ಲೆ." ಇನ್ನಾಸಪ್ಪ ಮುಖ ತಿರುಗಿಸಿದ.

ಜೆಸಿಂತ ಒಳಗಿನಿಂದ ಬಂದಳು. "ಅವ್ವ, ಅವ್ರು ಕೇಳಿದ್ದು ಯಾಕೆ ಅಂತ ತಾನೆ? ಬ್ಯಾಡ ಅಂತ ಇನ್ನೂ ಅಂದಿಲ್ವಲ್ಲ. ಯಾಕೆ ಅಂತ ಹೇಳಿಬಿಡು."

ಆರೋಗ್ಯಮ್ಮ ಅಣ್ಣನಿಂದ ನಂಬರು ತೆಗೆದುಕೊಂಡು ಮದಲೇನಮ್ಮನಿಗೆ ತಾನೇ ಫೋನು ಮಾಡಿದಳು.

"ನಮ್ಮನೇನ ಯೂದನ ಮನೆ ಅನ್ನೋದು ದಿಟ ಕಣಮ್ಮ," ಎಂದಳು. "ನಮ್ಮಾವ ಆ ಪಾತ್ರ ಮಾಡ್ತಾರೆ. ಅವರಪ್ಪನೂ ಮಾಡ್ತಿದ್ರು. ಶುಭ ಶುಕ್ರವಾರ ಸಂಜೆ ಬಂದು ನೋಡಿ. ನೋಡಿದ ಮ್ಯಾಲೂ ಬ್ಯಾಡ ಅನ್ನಿಸಿದ್ರೆ ಬ್ಯಾಡ ಅನ್ನಿ, ನಮಗೆ ಬ್ಯಾಸರ ಇಲ್ಲ."

"ಯಾರೋ ಯಾರಿಗೋ ದ್ರೋಹ ಮಾಡಿರಬೇಕು, ಅದಕ್ಕೆ ಆ ಹೆಸರು ಬಂದೈತೆ ಅಂದ್ಕಂಡಿದ್ದೆ," ಎಂದಳು ಮದಲೇನಮ್ಮ. "ನಾಟಕವಾ? ಎಷ್ಟು ಗಂಟೆಗೆ?"

ಚೌರಪ್ಪ ಪಾತ್ರವನ್ನು ಖುಷಿಯಿಂದಲೇ ಬಿಟ್ಟುಕೊಟ್ಟ. ಹಾಡು ತಪ್ಪಿತಲ್ಲ ಎಂದು ಅವನಿಗೇ ನೆಮ್ಮದಿಯಾಗಿತ್ತು. ಹಾಡಿನ ವಿಷಯವಾಗಿ ಸ್ವಾಮಿಗಳು ನಾಟಕದ ಹಿಂದಿನ ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ ಇನ್ನಾಸಪ್ಪನನ್ನು ಕರೆದು, "ಈ ವರ್ಷ ಎಲ್ಲರ ಜೊತೆ ಕೂತು ಕೇಳ್ತೀನಿ. ಆಮೇಲೆ ಮಾತಾಡೋಣ," ಎಂದರು. ರಾಯಪ್ಪನಿಗೆ ಅಪ್ಪ ಮತ್ತೆ ಬರುತ್ತಿರುವ ವಿಷಯವನ್ನು ಆರೋಗ್ಯಮ್ಮ ಹೇಳಿದಾಗ ಅವನು, "ಹೂಂ" ಎಂದ. ಆ ದಿನ ಸಾರಿನ ಉಪ್ಪು ಸರಿಯಾಗಿತ್ತು.

ಶುಕ್ರವಾರ ಮಧ್ಯಾಹ್ನದ ಆರಾಧನೆ ಮುಗಿದು, ಜನ ಗಂಜಿ ಕುಡಿದು, ಬಿಸಿಲು ಇಳಿಯುವ ಹೊತ್ತಿಗೆ ಬಯಲು ತುಂಬಿತು. ಆರೋಗ್ಯಮ್ಮ ಕೂದಲು ಕಟ್ಟುವ ಕೆಲಸವನ್ನು ಜೆಸಿಂತಳಿಗೆ ವಹಿಸಿ, ಮದಲೇನಮ್ಮ ಮತ್ತು ಅವಳ ಮಗ ವಿನ್ಸೆಂಟನ ಪಕ್ಕ ಚಾಪೆಯ ಮೇಲೆ ಕೂತಳು. ವಿನ್ಸೆಂಟ್ ಪಂಪುಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದ ಹುಡುಗ, ಮಾತು ಕಡಿಮೆ.

ತೋಟದ ಸೀನು ಬಂದಾಗ ಹಿಂದಿನ ಸೀನರಿಯ ಮೇಲೆ ಇಳಿಬಿಸಿಲು ಬಿದ್ದಿತ್ತು. ರಾಯಪ್ಪ ಮಂಡಿಯೂರಿ ಪ್ರಾರ್ಥಿಸಿ ಎದ್ದ. ಪಂಜಿನವರ ಮುಂದೆ ಇನ್ನಾಸಪ್ಪ ಬಂದ. ಮಂಡಿನೋವಿಗೆ ಕಾಲೆಳೆಯುತ್ತಿದ್ದ. ಅದೂ ಪಾತ್ರಕ್ಕೆ ಒಪ್ಪಿತ್ತು. "ಗುರುವೇ, ನಮಸ್ಕಾರ" ಎಂದು ಎರಡೂ ಕೈಯಿಂದ ಮಗನ ಗಲ್ಲ ಹಿಡಿದು ಕೆನ್ನೆಗೆ ತುಟಿ ಒತ್ತಿದ. ಹಾರ್ಮೋನಿಯಂ ಒಂದು ಸುತ್ತು ಮುಗಿಸಿ ಮತ್ತೊಂದು ಹಿಡಿಯಿತು. ಎದುರಿನಿಂದ ನೋಡುತ್ತಿದ್ದ ಆರೋಗ್ಯಮ್ಮನಿಗೆ ಗಂಡ ಕಣ್ಣು ಮುಚ್ಚಿಕೊಂಡದ್ದು ಕಂಡಿತು. ಮುದುಕನ ಹೆಗಲಿಗೆ ಅವನ ಕೈ ಹೋಯಿತು. ಯೇಸುವಿನ ಪಾತ್ರದಲ್ಲಿ ಹಾಗೆ ಕೈ ಇಡುವುದು ಇರಲಿಲ್ಲ. ಮೂರನೆಯ ಸುತ್ತೂ ಮುಗಿದು ಹಾರ್ಮೋನಿಯಂ ನಾಲ್ಕನೆಯದಕ್ಕೆ ತಿರುಗಿತು. ಈಗ ಅವನು "ಗೆಳೆಯಾ" ಎನ್ನಬೇಕಿತ್ತು.

"ಅಪ್ಪಾ," ಎಂದ ರಾಯಪ್ಪ.

ಬಯಲಿನಲ್ಲಿ ಒಂದು ಮಗು ಅಳುತ್ತಿತ್ತು, ಅದರ ತಾಯಿ ಸಮಾಧಾನ ಮಾಡುತ್ತಿದ್ದಳು. ಜನಕ್ಕೆ ಏನೂ ತಪ್ಪೆನಿಸಲಿಲ್ಲ. ಯೇಸು ಆಗಷ್ಟೇ ತಂದೆಯನ್ನು ಕರೆದು ಪ್ರಾರ್ಥಿಸಿದ್ದನಲ್ಲ, ಮತ್ತೆ ಕರೆದ ಎಂದುಕೊಂಡರು. ಮದಲೇನಮ್ಮ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಮುಂದಿನ ಮಾತು ಮರೆತವನು ಇನ್ನಾಸಪ್ಪ. ಬಂಟರು ಮುಂದೆ ಬಂದು ಯೇಸುವನ್ನು ಹಿಡಿದಾಗಲೂ ಅವನು ಕೈ ಚಾಚಿಕೊಂಡೇ ನಿಂತಿದ್ದ. ಮೇಷ್ಟ್ರು ಶ್ರುತಿ ಬದಲಾಯಿಸಿ ಅವನನ್ನು ಪಕ್ಕಕ್ಕೆ ಕರೆದುಕೊಳ್ಳಬೇಕಾಯಿತು.

ಆಮೇಲೆ ಅವನು ಹಾಡು ಹಾಡಿದ. ಕಂಠ ಎರಡು ಕಡೆ ಒಡೆಯಿತು. ಸ್ವಾಮಿಗಳು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮುಗಿದ ಮೇಲೆ ಅವರು ಬಂದು, "ಈ ಹಾಡಿಗೆ ಇನ್ನೂ ಚರಣ ಇವೆಯಾ ತಾತ?" ಎಂದು ಮಾತ್ರ ಕೇಳಿದರು.

ಕಾರಿನ ಹತ್ತಿರ ವಿನ್ಸೆಂಟ್ ಜೆಸಿಂತಳನ್ನು, ಯೂದನಿಗೆ ಹಾಡು ಕೊಟ್ಟವರು ಪೇತ್ರನಿಗೆ ಯಾಕೆ ಕೊಡಲಿಲ್ಲ, ಅವನೂ ಗುರುವನ್ನು ಅರಿಯೆ ಅಂದನಲ್ಲ ಎಂದು ಕೇಳಿದ. ಇಬ್ಬರೂ ಅದನ್ನೇ ಮಾತಾಡುತ್ತ ನಿಂತರು. ಕೊನೆಗೆ ಮದಲೇನಮ್ಮನೇ, "ಹಬ್ಬ ಕಳೀಲಿ, ನಿಶ್ಚಿತಾರ್ಥಕ್ಕೆ ದಿನ ನೋಡಾನ, ಈಗ ಕಾರು ಹತ್ತು" ಎಂದು ಮಗನನ್ನು ಎಳೆದುಕೊಂಡು ಹೋದಳು. ರಾತ್ರಿ ತಾಯಿ ಕೇಳಿದಾಗ ಜೆಸಿಂತ, "ಕೇಳೋದು ಚೆನ್ನಾಗಿ ಕೇಳ್ತಾನೆ ಕಣವ್ವ. ಆಗ್ಬೈದು" ಎಂದಳು.

ಶನಿವಾರ ಬೆಳಿಗ್ಗೆ ಆರೋಗ್ಯಮ್ಮ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಮಗ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

"ಮಾತು ತಪ್ಪಿತು ನೆನ್ನೆ," ಎಂದ ಇನ್ನಾಸಪ್ಪ. "ಅಲ್ಲಿ 'ಗೆಳೆಯಾ' ಅನ್ಬೇಕು."

ಆರೋಗ್ಯಮ್ಮ ಅಭ್ಯಾಸಬಲದಿಂದ ಗಂಡನ ಕಡೆ ತಿರುಗಿ ಬಾಯಿ ತೆರೆದಳು. ಮಾವ ನೋಡುತ್ತಿದ್ದದ್ದು ಅವಳನ್ನಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

ರಾಯಪ್ಪ ರೊಟ್ಟಿ ಮುರಿದ. "ತಪ್ಪಿಲ್ಲ."

"ಸುವಾರ್ತೇಲಿ ಹಂಗಿಲ್ಲ ಕಣ್ಲಾ."

"ನಿನ್ನ ಹಾಡು ಸುವಾರ್ತೇಲಿ ಐತಾ?"

"ಅದು ಹಾಡು. ಇದು ಸ್ವಾಮಿ ಬಾಯಿಂದ ಬರೋ ಮಾತು. ಮನಸ್ಸಿಗೆ ಬಂದಂಗೆ ಆಡಾಕಾಯ್ತದಾ? ಅದರ ಮುಂದೆ ನಾನು ಎತ್ಕಬೇಕಾದ ಮಾತು ಯಾವುದು ಅಂತಾನೇ ಮರ್ತೋಯ್ತು."

"ಮರೆತಿದ್ದು ನೀನು, ನನ್ನ ಮ್ಯಾಲ್ಯಾಕೆ ಹಾಕ್ತೀಯ? ವಯಸ್ಸಾಯ್ತು ಅನ್ನು."

"ವಯಸ್ಸಾ? ನೆನ್ನೆ ಎರಡನೇ ಸಲ ಬೀಳೋ ಸೀನಲ್ಲಿ ಶಿಲುಬೆ ವಾಲಿಸ್ಕಂಡೋನು ಯಾರು?"

"ಹಸಿ ಮರದಲ್ಲಿ ಮಾಡ್ಸಿ ಕೊಟ್ರೆ ವಾಲದೆ ಇನ್ನೇನಾಯ್ತದೆ?"

ಮಾತು ಜೋರಾಯಿತು. ಜೆಸಿಂತ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಇಬ್ಬರನ್ನೂ ಬೆರಗಿನಿಂದ ನೋಡಿದಳು. ಆರೋಗ್ಯಮ್ಮ ಅವಳಿಗೆ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು. ಹೆಂಚಿನ ಮೇಲಿದ್ದ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಮೇಲೆ ಬೆಣ್ಣೆ ಇಟ್ಟು, ಅದು ಕರಗುವುದರೊಳಗೆ ತಿನ್ನಲು ಕೂತಳು.